ಶಿಫ್ಟ್ ಲೆನ್ಸ್ ಇಲ್ಲದೆ ಅಹಮದಾಬಾದ್: ನನ್ನ ಅನುಭವ

ಕಟ್ಟಡದ ಫೋಟೊಗೆ ಶಿಫ್ಟ್ ಲೆನ್ಸ್ (ಕ್ಯಾಮೆರಾ ಎತ್ತದೆಯೇ ಕಟ್ಟಡದ ತುದಿ ಹಿಡಿಯಲು ಮೇಲಕ್ಕೆ ಸರಿಯುವ ಲೆನ್ಸ್) ಬೇಕೇ ಬೇಕು ಅಂತ ಮೈಸೂರಿನ ನಮ್ಮ ಗುಂಪಿನಲ್ಲಿ ಎಲ್ಲರದೂ ಒಂದೇ ಮಾತು. ಹೊಸದು ಲಕ್ಷ ದಾಟುತ್ತದೆ. ಬೆಂಗಳೂರಿನಲ್ಲಿ ಬಾಡಿಗೆಗೆ ದಿನಕ್ಕೆ 2,000ದ ಹತ್ತಿರ, ಡಿಪಾಸಿಟ್ ಬೇರೆ. ನಾನು ಹಳೆಯ ಫಿಲ್ಮ್ ಕ್ಯಾಮೆರಾ, 28 ಎಂ.ಎಂ. ಲೆನ್ಸ್ ಹಿಡಿದು ಹೊರಟಾಗ "ಸುಮ್ನೆ ದುಡ್ಡು ದಂಡ ಕಣೋ, ಗೋಡೆಯೆಲ್ಲ ಹಿಂದಕ್ಕೆ ವಾಲ್ಕೊಂಡು ಬರುತ್ತೆ" ಅಂದರು. ಒಂದು ಗೋಡೆಯೂ ವಾಲಿಲ್ಲ.

ಕ್ಯಾಮೆರಾವನ್ನು ನಿಲುವಾಗಿ ಹಿಡಿಯಬೇಕು, ಎಳ್ಳಷ್ಟೂ ಮೇಲಕ್ಕೆತ್ತಬಾರದು, ಎತ್ತಿದರೇ ಗೋಡೆ ವಾಲುವುದು. ನೆಗೆಟಿವ್‌ನ ಕೆಳಗಿನ ಅರ್ಧ ಬರೀ ರಸ್ತೆ. ಅದನ್ನು ಕತ್ತರಿಸಿಬಿಡುವುದು. ಹಾಟ್ ಶೂ (ಫ್ಲ್ಯಾಶ್ ಕೂರಿಸುವ ಜಾಗ) ಮೇಲೆ ಮೇಸ್ತ್ರಿಗಳ ಪುಟ್ಟ ರಸಮಟ್ಟ ಕೂರಿಸಿದ್ದೇನೆ. ವ್ಯೂಫೈಂಡರ್‌ನಿಂದ ಕಣ್ಣು ತೆಗೆಯದೆ ಅದರ ಗುಳ್ಳೆ ನೋಡುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಇದಕ್ಕೆ ನಮ್ಮೂರಿನ ದೊಡ್ಡ ಗಡಿಯಾರದ ಮುಂದೆ ಸುರಿದ ರೋಲ್‌ಗಳೆಷ್ಟೋ! ಒಂದೊಂದೂ 700 ರೂಪಾಯಿಯ ಮೇಲೆ. ಮೊದಲು ಬೆಳಕನ್ನು ಬೇಗ ಹಿಡಿಯುವ 400ರ ಫಿಲ್ಮ್ ಹಾಕಿದ್ದೆ. ಅರ್ಧ ನೆಗೆಟಿವ್ ದೊಡ್ಡದು ಮಾಡಿದರೆ ರವೆ ಚೆಲ್ಲಿದ ಹಾಗೆ ಗ್ರೇನ್. ಗೆಳೆಯರೊಬ್ಬರ ಇನ್ನೂ ಅಗಲ ನೋಟದ 20 ಎಂ.ಎಂ. ಲೆನ್ಸ್ ತಂದೆ, ಅಂಚುಗಳು ಎಳೆದುಕೊಂಡವು. ಕೊನೆಗೆ ಗ್ರೇನ್ ಸಣ್ಣಗಿರುವ 100ರ ಫಿಲ್ಮ್‌ಗೆ ಬಂದ ಮೇಲೆ ಕೈ ಹಿಡಿಯಿತು.

ಅಹಮದಾಬಾದಿನಲ್ಲಿ ಆಶ್ರಮ ರಸ್ತೆಯ ಮಿಲ್ ಓನರ್ಸ್ ಕಟ್ಟಡವೇ (ಬಟ್ಟೆ ಗಿರಣಿ ಮಾಲೀಕರ ಸಂಘದ್ದು) ನನ್ನ ಗುರಿ. ಚಂಡೀಗಢ ರೂಪಿಸಿದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ವಿನ್ಯಾಸ, 1954ರದ್ದು. ರಸ್ತೆ ಕಡೆ ಪಶ್ಚಿಮದ ಮುಖ, ಬಿಸಿಲು ತಡೆಯುವ ಕಾಂಕ್ರೀಟ್ ಹಲಗೆಗಳು ಅಲ್ಲಿ ಓರೆಯಾಗಿ ನಿಂತಿವೆ. ಸಾಬರಮತಿ ನದಿ ಕಡೆಯವು ನೇರ. ಹಾಗಾಗಿ ನದಿ ಕಡೆಗೆ ಬೆಳಗ್ಗೆ, ರಸ್ತೆ ಕಡೆಗೆ ಸಂಜೆ ನಾಲ್ಕರ ಮೇಲೆ. ಆಗ ಬಿಸಿಲು ಓರೆಯಾಗಿ ಸವರಿಕೊಂಡು ಹೋಗುತ್ತದೆ, ಸೆಂಟ್ರಿಂಗ್ ಹಲಗೆಯ ಗೆರೆ, ಜೋಡಣೆಯ ಏಣು ಕಾಂಕ್ರೀಟಿನಲ್ಲಿ ಎದ್ದು ಕಾಣುತ್ತದೆ. ನೆರಳು ಪಕ್ಕದ ಹಲಗೆ ಮುಟ್ಟುವವರೆಗೂ ಆಚೆ ಫುಟ್‌ಪಾತಿನಲ್ಲಿ ಕಾದೆ. ಹದ ಸಿಗುವುದು ಹತ್ತು ನಿಮಿಷ ಅಷ್ಟೇ. ಅದಕ್ಕೇ ಹೇಳುವುದು, ಒಂದೆರಡು ದಿನದ ಭೇಟಿಗೆ ಕಟ್ಟಡಗಳ ಪಟ್ಟಿ ಬೇಡ, ಬಿಸಿಲಿನ ಪಟ್ಟಿ ಸಾಕು.

ಗಾಂಧೀಜಿಯ ಸಾಬರಮತಿ ಆಶ್ರಮದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಗಾಂಧಿ ಸಂಗ್ರಹಾಲಯ, 1963ರದ್ದು. ಆರು ಮೀಟರ್ ಚೌಕಗಳು, ಇಟ್ಟಿಗೆ ಕಂಬ, ಹೆಂಚು. ಗಾಜಿನ ಕಿಟಕಿ ಒಂದೂ ಇಲ್ಲ, ಮರದ ಪಟ್ಟಿಗಳಿಂದಲೇ ಗಾಳಿ-ಬೆಳಕು. ತಗ್ಗು ಕಟ್ಟಡ, ಕತ್ತರಿಸುವುದು ಕಡಿಮೆ. ಕಂಬಕ್ಕೆ ಬೆನ್ನು ಕೊಟ್ಟು 1/8 ಸೆಕೆಂಡಿನಲ್ಲಿ ತೆಗೆದೆ, ಅಲುಗದೆ ಸ್ಪಷ್ಟವಾಗಿ ಬಂತು. ಬೇರೊಂದು ಕಡೆ ಗೇಟಿನಲ್ಲೇ ತಡೆದರು. ಅಲ್ಲಿ ಅರ್ಧ ದಿನ ಹೋಯಿತು.

2022ರಲ್ಲಿ ತೆರೆದ ಅಟಲ್ ಸೇತುವೆ ಸುಮಾರು 300 ಮೀಟರ್, ನಡೆಯುವವರಿಗೆ ಮಾತ್ರ. ಅದರ ಜೀವ ಬಣ್ಣದಲ್ಲಿದೆ, ಕಪ್ಪು-ಬಿಳುಪಿನಲ್ಲಿ ಪೇಲವ. ಆದರೆ ಅಲ್ಲಿಂದ 1892ರ ಎಲ್ಲಿಸ್ ಸೇತುವೆಯ ಉಕ್ಕಿನ ಕಮಾನು ಚೆನ್ನಾಗಿ ಸಿಕ್ಕಿತು. ನರ್ಮದಾ ಕಾಲುವೆಯಿಂದ ತಂದು ವಾಸಣಾ ಬ್ಯಾರೇಜಿನಲ್ಲಿ ನಿಲ್ಲಿಸಿದ ನೀರು, ಅಲುಗುವುದು ಕಡಿಮೆ. ನಮ್ಮ ಕಾವೇರಿಯಲ್ಲಿ ಇಂಥ ಪ್ರತಿಬಿಂಬ ಎಲ್ಲಿ ಸಿಗಬೇಕು?

ಊರಿಗೆ ಬಂದು ಫಿಲ್ಮನ್ನು ಕಾಫಿಯಲ್ಲೇ ಡೆವಲಪ್ ಮಾಡಿದೆ: ಇನ್‌ಸ್ಟಂಟ್ ಕಾಫಿ, ವಾಷಿಂಗ್ ಸೋಡಾ, ವಿಟಮಿನ್ ಸಿ. ಫಿಲ್ಟರ್ ಡಿಕಾಕ್ಷನ್ನೂ ಪರೀಕ್ಷೆ ಮಾಡಿದ್ದೇನೆ, ನೆಗೆಟಿವ್ ತೆಳು. ಅಗ್ಗದ ಇನ್‌ಸ್ಟಂಟ್ ಪುಡಿಯೇ ವಾಸಿ. ಅಳತೆ ನೀವೇ ಹದ ಮಾಡಿಕೊಳ್ಳಿ, ನನ್ನ ನಿಮಿಷದ ಲೆಕ್ಕ ಕೊಡುವುದಿಲ್ಲ.

ಸ್ಲೀಪರ್ ರೈಲು, ಸಾಧಾರಣ ರೂಮು, ಮೆಟ್ರೊ, ರೋಲ್ ಎಲ್ಲಾ ಸೇರಿ 6,000ದ ಆಸುಪಾಸು. ಮಿಲ್ ಓನರ್ಸ್‌ನ 12×18 ಇಂಚಿನ ಪ್ರಿಂಟನ್ನು ಸರಸ್ವತಿಪುರಂನ ಒಬ್ಬ ಆರ್ಕಿಟೆಕ್ಟ್ 2,500ಕ್ಕೆ ಕೊಂಡರು. ಯಾವ ಶಿಫ್ಟ್ ಲೆನ್ಸ್ ಅಂತ ಕೇಳಿದರು.