ಗಿಯರ್‌ಬಾಕ್ಸ್ ಇಳಿಸುವ ಮುಂಚೆ: ಟಾರ್ಕ್ ಕನ್ವರ್ಟರ್ ಪರೀಕ್ಷೆ, ರಿಪೇರಿ

ಪುಣೆಯಲ್ಲಿರುವ ನಮ್ಮವರಲ್ಲಿ ಬಹಳ ಜನ ಈಗ ಆಟೋಮ್ಯಾಟಿಕ್ ಗಾಡಿ ಓಡಿಸುತ್ತಾರೆ. ಹಿಂಜವಡಿ ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿದು ಸುಸ್ತಾದವರಿಗೆ ಅದು ದೊಡ್ಡ ಸುಖ, ಅಲ್ವಾ? ಆದರೆ ಕೆಲವು ವರ್ಷ ಕಳೆದ ಮೇಲೆ, ಹಬ್ಬಕ್ಕೆ ಹುಬ್ಬಳ್ಳಿಗೋ ಬೆಳಗಾವಿಗೋ ಹೊರಟು, ಖಂಬಾಟಕಿ ಘಾಟ್ ದಾಟಿ ಸತಾರಾ ಹತ್ತಿರ 70ರ ವೇಗದಲ್ಲಿ ಆರಾಮಾಗಿ ಹೋಗುವಾಗ, ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ಗಾಡಿ ಗಡಗಡ ನಡುಗಬಹುದು. ಗ್ಯಾರೇಜಿಗೆ ಒಯ್ದರೆ ‘ಗಿಯರ್‌ಬಾಕ್ಸ್ ಗೇಲಾ’ (ಹೋಯ್ತು) ಅಂತ ಒಂದೇ ಮಾತು. ಅಷ್ಟಕ್ಕೇ ಒಪ್ಪಿಕೊಂಡು ಬಿಚ್ಚಿಸಬೇಡಿ.

ಈ ನಡುಕ ಟಾರ್ಕ್ ಕನ್ವರ್ಟರ್‌ನಿಂದಲೂ ಬರಬಹುದು. ಎಂಜಿನ್ನಿಗೂ ಗಿಯರ್‌ಬಾಕ್ಸಿಗೂ ನಡುವೆ ಕೂರುವ, ಎಣ್ಣೆ ತುಂಬಿದ ಡಬ್ಬಿ ಅದು. ಮೊದಲು ನಿಮ್ಮ ಗಾಡಿಯಲ್ಲಿ ಅದು ಇದೆಯಾ ನೋಡಿ. ಎಎಂಟಿ (ಕ್ಲಚ್ಚನ್ನು ಯಂತ್ರವೇ ಒತ್ತುವ ಮ್ಯಾನುಯಲ್ ಗಿಯರ್‌ಬಾಕ್ಸ್) ಮತ್ತು ಡಿಎಸ್‌ಜಿ (ಎರಡು ಕ್ಲಚ್ಚಿನ ಗಿಯರ್‌ಬಾಕ್ಸ್) ಗಾಡಿಗಳಲ್ಲಿ ಇರುವುದು ಕ್ಲಚ್, ಅಲ್ಲಿ ನಡುಕದ ಕಾರಣವೇ ಬೇರೆ. ಇನೋವಾ ಕ್ರಿಸ್ಟಾ, ಎಕ್ಸ್‌ಯುವಿ700, ಕ್ರೆಟಾ ಡೀಸೆಲ್ ಇವುಗಳ ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಇದೆ.

ಇದರ ಒಳಗೆ ಮೂರು ಚಕ್ರ. ಎಂಜಿನ್ನಿನಿಂದ ತಿರುಗುವ ಇಂಪೆಲ್ಲರ್, ಗಿಯರ್‌ಬಾಕ್ಸನ್ನು ತಿರುಗಿಸುವ ಟರ್ಬೈನ್, ನಡುವೆ ಒಂದೇ ದಿಕ್ಕಿಗೆ ತಿರುಗುವ ಸ್ಟೇಟರ್. ಶಕ್ತಿ ಎಣ್ಣೆಯ ಮೂಲಕವೇ ಸಾಗುತ್ತದೆ. ವೇಗ ಸ್ಥಿರವಾದಾಗ ಲಾಕ್-ಅಪ್ ಕ್ಲಚ್ ಹಿಡಿದುಕೊಂಡು ಎಂಜಿನ್ನನ್ನೂ ಗಿಯರ್‌ಬಾಕ್ಸನ್ನೂ ನೇರ ಜೋಡಿಸುತ್ತದೆ. ಹೆಚ್ಚಿನ ತೊಂದರೆ ಹುಟ್ಟುವುದು ಈ ಕ್ಲಚ್ಚಿನಲ್ಲೇ.

ಪರೀಕ್ಷೆ ಸುಲಭ. ಹಿಂದೆ ಯಾವ ಗಾಡಿಯೂ ಇಲ್ಲದ ನೇರ ರಸ್ತೆಯಲ್ಲಿ, ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ, ನಡುಕ ಬರುವ ವೇಗದಲ್ಲೇ ಇರಿ. ಈಗ ಎಡಗಾಲಿನಿಂದ ಬ್ರೇಕ್ ಪೆಡಲ್ ಸುಮ್ನೆ ಮುಟ್ಟಿ. ಬ್ರೇಕ್ ಲೈಟ್ ಹತ್ತಬೇಕು, ಬ್ರೇಕ್ ಹಿಡಿಯಬಾರದು. ಎಡಗಾಲಿಗೆ ಬ್ರೇಕ್ ಅಭ್ಯಾಸ ಇರುವುದಿಲ್ಲ, ಜೋರಾಗಿ ಒತ್ತಿಬಿಡುತ್ತೀರಿ, ಹುಷಾರು. ಬ್ರೇಕ್ ಸ್ವಿಚ್ ಸಿಗ್ನಲ್ ಸಿಕ್ಕರೆ ಹೆಚ್ಚಿನ ಗಾಡಿಗಳಲ್ಲಿ ಲಾಕ್-ಅಪ್ ಬಿಟ್ಟುಕೊಳ್ಳುತ್ತದೆ, ಆರ್‌ಪಿಎಂ ಸ್ವಲ್ಪ ಏರುತ್ತದೆ. ಆ ಕ್ಷಣಕ್ಕೆ ನಡುಕ ನಿಂತರೆ ಅನುಮಾನ ಲಾಕ್-ಅಪ್ ಮೇಲೆ.

ಆದರೆ ಇಲ್ಲೊಂದು ಮೋಸ ಇದೆ. ಎಂಜಿನ್ ಮಿಸ್‌ಫೈರ್ ಆಗುತ್ತಿದ್ದರೂ (ಇಂಧನ ಸರಿಯಾಗಿ ಉರಿಯದಿದ್ದರೂ) ಲಾಕ್-ಅಪ್ ಹಿಡಿದಾಗಲೇ ಅದು ಜಾಸ್ತಿ ಗೊತ್ತಾಗುವುದು, ಬಿಟ್ಟಾಗ ಎಣ್ಣೆ ಆ ಜರ್ಕ್ ನುಂಗಿಬಿಡುತ್ತದೆ. ಹಾಗಾಗಿ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಲೇಬೇಕು. ಪಿ0300ರಿಂದ ಶುರುವಾಗುವ ಕೋಡ್ ಬಂದರೆ ಮೊದಲು ಎಂಜಿನ್ ಕಡೆ ನೋಡಿ. ಪೆಟ್ರೋಲ್ ಗಾಡಿಯಲ್ಲಿ ಪ್ಲಗ್, ಕಾಯಿಲ್. ಪಿ0741 ಅಂದರೆ ಲಾಕ್-ಅಪ್ ಸರಿಯಾಗಿ ಹಿಡಿಯುತ್ತಿಲ್ಲ, ಪಿ0742 ಅಂದರೆ ಬಿಡುತ್ತಿಲ್ಲ, ಪಿ0743 ವೈರಿಂಗ್ ಅಥವಾ ಸೊಲೆನಾಯ್ಡ್ (ಎಣ್ಣೆಯ ಹರಿವು ನಿಯಂತ್ರಿಸುವ ವಿದ್ಯುತ್ ವಾಲ್ವ್) ಕಡೆಯ ತೊಂದರೆ. ಲಾಕ್-ಅಪ್ ಬಿಡದಿದ್ದರೆ ಸಿಗ್ನಲ್ಲಿನಲ್ಲಿ ನಿಲ್ಲಿಸುವಾಗ ಎಂಜಿನ್ ಆಫ್ ಆಗುತ್ತದೆ, ನ್ಯೂಟ್ರಲ್‌ಗೆ ಹಾಕಿದರೆ ಆಗುವುದಿಲ್ಲ.

ಕಾತ್ರಜ್ ಘಾಟಿನ ಏರಿನಲ್ಲಿ ನಿಂತಲ್ಲಿಂದ ಗಾಡಿ ಏಳುತ್ತಲೇ ಇಲ್ಲ, ಆದರೆ ಹೈವೇಯಲ್ಲಿ ಸರಿಯಾಗಿ ಓಡುತ್ತದೆ, ಎಂಜಿನ್ನೂ ಆರೋಗ್ಯವಾಗಿದೆ ಅಂದರೆ ಸ್ಟೇಟರ್‌ನ ಒನ್-ವೇ ಕ್ಲಚ್ ಜಾರುತ್ತಿರಬಹುದು. ಬ್ರೇಕ್ ಒತ್ತಿ ಡಿ-ಯಲ್ಲಿ ನಿಂತಾಗ ಸದ್ದು ಬಂದು, ನ್ಯೂಟ್ರಲ್‌ಗೆ ಹಾಕಿದಾಗ ಆ ಸದ್ದು ನಿಂತುಹೋದರೆ ಕನ್ವರ್ಟರ್ ಒಳಗಿನ ಬೇರಿಂಗ್ ಅನುಮಾನಿಸಿ. ಬ್ರೇಕ್ ಹಿಡಿದುಕೊಂಡೇ ಪೂರ್ತಿ ಆಕ್ಸಿಲರೇಟರ್ ಒತ್ತಿ ಮಾಡುವ ಸ್ಟಾಲ್ ಟೆಸ್ಟ್ ಮಾತ್ರ ಮನೆಯಲ್ಲಿ ಬೇಡವೇ ಬೇಡ. ಕೆಲವೇ ಸೆಕೆಂಡಿನಲ್ಲಿ ಎಣ್ಣೆ ವಿಪರೀತ ಬಿಸಿಯಾಗುತ್ತದೆ.

ಈಗ ಗಿಯರ್‌ಬಾಕ್ಸ್ ಎಣ್ಣೆ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಬಿಸಿಲಲ್ಲಿ ನೋಡಿ. ಕಂದು ಬಣ್ಣ ಇದ್ದು ವಾಸನೆ ಇಲ್ಲದಿದ್ದರೆ ಆಸೆ ಇದೆ. ಕಪ್ಪಾಗಿ, ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದಾಗ ಮಿನುಗುವ ಲೋಹದ ಪುಡಿ ಸಿಕ್ಕರೆ ಒಳಗೆ ಸವೆತ ಶುರುವಾಗಿದೆ. ಹಾಲು ಬೆರೆಸಿದ ಹಾಗೆ ಗುಲಾಬಿ ಇದ್ದರೆ ಕೂಲಂಟ್ ಅಥವಾ ನೀರು ಸೇರಿದೆ, ಗಾಡಿ ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ಲೋಹದ ಪುಡಿ ಇಲ್ಲ ಅಂದರೆ ಮೊದಲ ಮದ್ದು ಎಣ್ಣೆ ಬದಲಾವಣೆ. ಮ್ಯಾನುಯಲ್‌ನಲ್ಲಿ ಬರೆದ ಎಟಿಎಫ್ (ಆಟೋಮ್ಯಾಟಿಕ್ ಗಿಯರ್‌ಬಾಕ್ಸ್ ಎಣ್ಣೆ) ಗ್ರೇಡೇ ಬೇಕು, ‘ಎಲ್ಲಾ ಗಾಡಿಗೂ ನಡೆಯುತ್ತದೆ’ ಅನ್ನುವ ಡಬ್ಬ ಬೇಡ. ಡ್ರೇನ್ ಬೋಲ್ಟ್ ತೆಗೆದರೆ ಸುಮಾರು ಅರ್ಧ ಎಣ್ಣೆ ಮಾತ್ರ ಇಳಿಯುತ್ತದೆ, ಉಳಿದದ್ದು ಹೆಚ್ಚಾಗಿ ಕನ್ವರ್ಟರ್‌ನಲ್ಲೇ ನಿಲ್ಲುತ್ತದೆ. ನಡುವೆ ಸ್ವಲ್ಪ ಓಡಿಸಿ ಎರಡು ಮೂರು ಸಲ ಬದಲಾಯಿಸಬೇಕು. ಎಷ್ಟೋ ಗಾಡಿಗಳ ನಡುಕ ಇಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಸೊಲೆನಾಯ್ಡ್, ವೈರಿಂಗ್, ಆಮೇಲೆ ಕನ್ವರ್ಟರ್.

ಕನ್ವರ್ಟರ್ ವೆಲ್ಡ್ ಮಾಡಿದ ಡಬ್ಬಿ, ಸ್ಪ್ಯಾನರ್‌ಗೆ ಬಿಚ್ಚುವುದಿಲ್ಲ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶ ಪಕ್ಕದಲ್ಲೇ ಇದೆ, ಲೇತ್‌ನಲ್ಲಿ ಕೊಯ್ದು ಕೊಡುತ್ತಾರೆ ಅಂತ ಯಾರಾದರೂ ಹೇಳಬಹುದು. ಕೊಯ್ಯುವುದು ದೊಡ್ಡದಲ್ಲ. ಲಾಕ್-ಅಪ್ ಕ್ಲಚ್ಚಿಗೆ ಹೊಸ ಲೈನಿಂಗ್ ಅಂಟಿಸಿ, ಓರೆಯಾಗದಂತೆ ವೆಲ್ಡ್ ಮಾಡಿ, ಲೀಕ್ ಪರೀಕ್ಷೆ ಮತ್ತು ಬ್ಯಾಲೆನ್ಸಿಂಗ್ ಮಾಡಿಕೊಡುವವರಿದ್ದರೆ ಮಾತ್ರ ಕೊಡಿ, ಇಲ್ಲದಿದ್ದರೆ ಹೊಸದೇ ಹಾಕಿಸಿ.

ಗಿಯರ್‌ಬಾಕ್ಸ್ ಇಳಿದಾಗ ನೀವೂ ಅಲ್ಲೇ ನಿಂತಿರಿ. ಮುಂದಿನ ಪಂಪ್ ಸೀಲ್ ಹೊಸದು ಹಾಕಿಸಿ, ಎಂಜಿನ್ನಿಗೆ ಕನ್ವರ್ಟರ್ ಜೋಡಿಸುವ ಫ್ಲೆಕ್ಸ್ ಪ್ಲೇಟ್‌ನಲ್ಲಿ ಬಿರುಕು ಇದೆಯಾ ನೋಡಿ. ಎಣ್ಣೆ ಕೂಲರ್ ಮತ್ತು ಪೈಪ್ ತೊಳೆಸದೆ ಬಿಟ್ಟರೆ ಹಳೆ ಪುಡಿ ಹೊಸ ಕನ್ವರ್ಟರ್‌ಗೆ ಬಂದು ಸೇರುತ್ತದೆ, ಹಾಕಿದ ದುಡ್ಡೆಲ್ಲ ನೀರಲ್ಲಿ ಹೋಮ.

ಕೂರಿಸುವಾಗ ಅವಸರ ಕೂಡದು. ಕನ್ವರ್ಟರ್‌ಗೆ ಮೊದಲೇ ಸ್ವಲ್ಪ ಹೊಸ ಎಣ್ಣೆ ಸುರಿದು, ನಿಧಾನಕ್ಕೆ ತಿರುಗಿಸುತ್ತಾ ಒಳಗೆ ಒತ್ತಬೇಕು. ಇನ್‌ಪುಟ್ ಶಾಫ್ಟ್, ಸ್ಟೇಟರ್ ಶಾಫ್ಟ್, ಪಂಪ್, ಮೂರಕ್ಕೂ ಕೂತಾಗ ಹಂತಹಂತವಾಗಿ ಟಕ್ ಟಕ್ ಅಂತ ಒಳಗೆ ಇಳಿಯುತ್ತದೆ. ಬೆಲ್ ಹೌಸಿಂಗ್ (ಗಿಯರ್‌ಬಾಕ್ಸ್ ಮುಂಭಾಗದ ಗಂಟೆಯಾಕಾರದ ಕವಚ) ಅಂಚಿಗೆ ನೇರ ಪಟ್ಟಿ ಇಟ್ಟು ಆಳ ಅಳೆದು ಮ್ಯಾನುಯಲ್ ಅಳತೆಗೆ ಹೋಲಿಸಿ. ಗಿಯರ್‌ಬಾಕ್ಸ್ ಎಂಜಿನ್ನಿಗೆ ಕೈಯಿಂದಲೇ ತಾಗಿ ಕೂರಬೇಕು. ಕೂರದಿದ್ದರೆ ಬೋಲ್ಟ್ ಬಿಗಿದು ಎಳೆಯಲು ಬಿಡಬೇಡಿ, ಪಂಪ್ ಅಲ್ಲೇ ಒಡೆಯುತ್ತದೆ.

ಕೊನೆಗೆ ಎಣ್ಣೆ ತುಂಬಿ, ಎಂಜಿನ್ ಚಾಲೂ ಇಟ್ಟು, ಬ್ರೇಕ್ ಒತ್ತಿ ಪ್ರತಿ ಗಿಯರಿನಲ್ಲೂ ಸ್ವಲ್ಪ ನಿಂತು, ಕಂಪನಿ ಹೇಳಿದ ಉಷ್ಣತೆಯಲ್ಲೇ ಮಟ್ಟ ನೋಡಬೇಕು. ಸ್ಕ್ಯಾನರ್‌ನಿಂದ ಗಿಯರ್‌ಬಾಕ್ಸ್ ಅಡಾಪ್ಟೇಶನ್ (ಗಿಯರ್‌ಬಾಕ್ಸ್ ಕಂಪ್ಯೂಟರ್ ಕಲಿತಿಟ್ಟ ಹಳೆ ಲೆಕ್ಕ) ರೀಸೆಟ್ ಮಾಡಿಸಿ. ಆಮೇಲೆ ಅದೇ ರಸ್ತೆ, ಅದೇ 70ರ ವೇಗ, ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ನೋಡಿ, ನಂತರವೇ ಬಿಲ್ ಕಟ್ಟಿ.