250 ವರ್ಷ ಹಳೆಯ ಸಾಲದ ಬಾಂಡ್ ಓದುವುದು ಹೇಗೆ?

ಅಮೆರಿಕದಲ್ಲಿ ಬ್ರಿಟಿಷರ ವಸಾಹತಾಗಿದ್ದ ಹಳೇ ವರ್ಜೀನಿಯಾದ ಸಾಲದ ಬಾಂಡ್ (ಸಾಲಗಾರ ಸಹಿ, ಮೊಹರು ಹಾಕಿ ಬರೆದುಕೊಡುವ ಪತ್ರ) ಒಂದನ್ನು ಮೊದಲ ಸಲ ಓದಿದಾಗ ನಾನು ಸಾಲದ ಮೊತ್ತವನ್ನೇ ತಪ್ಪು ಬರೆದುಕೊಂಡಿದ್ದೆ. 200 ಪೌಂಡ್ ಅಂತ. ಅಸಲು ಇದ್ದದ್ದು 100. ಹೊಸಬರಿಗೆ ಈ ತಪ್ಪು ಸುಲಭವಾಗಿ ಆಗುತ್ತದೆ, ಯಾಕೆಂದರೆ ಆ ಕಾಗದ ಬರೆಯುವ ರೀತಿಯೇ ಹಾಗೆ: ದೊಡ್ಡ ಮೊತ್ತ ಮೇಲೆ, ನಿಜವಾದ ಸಾಲ ಕೆಳಗೆ, ಆಮೇಲೆ ಏನಾಯಿತು ಅನ್ನೋದು ಹಿಂಬದಿಯಲ್ಲಿ.

ಇಂಥ ಕಾಗದ ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. ವರ್ಜೀನಿಯಾದ ರಾಜ್ಯ ಗ್ರಂಥಾಲಯ ಹಳೇ ಕೋರ್ಟ್ ಕಡತಗಳನ್ನು ರಾಶಿ ರಾಶಿ ಸ್ಕ್ಯಾನ್ ಮಾಡಿ ಹಾಕಿದೆ. ವರ್ಜೀನಿಯಾದ ಜಮೀನುದಾರರೂ ಅಮೆರಿಕದ ಅಧ್ಯಕ್ಷರೂ ಆಗಿದ್ದ ಜೆಫರ್ಸನ್, ವಾಷಿಂಗ್ಟನ್ ಅವರ ಪತ್ರಗಳು ‘ಫೌಂಡರ್ಸ್ ಆನ್‌ಲೈನ್’ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಪೇಪರ್, ಪೆನ್ನು ಇಟ್ಟುಕೊಂಡು ಕೂತರೆ ಸಾಕು.

1. ಇದು ಖಾತೆಯೋ, ಬಾಂಡೋ?

ಅಲ್ಲಿನ ದೊಡ್ಡ ಜಮೀನುದಾರರ ಕೈಯಲ್ಲಿ ನಗದು ಇರುತ್ತಿದ್ದದ್ದೇ ಕಡಿಮೆ. ಹೊಗೆಸೊಪ್ಪನ್ನು ಪೀಪಾಯಿಗೆ ತುಂಬಿ ಲಂಡನ್ನಿಗೋ ಬ್ರಿಸ್ಟಲ್‌ಗೋ ಕಳಿಸುವುದು, ಅಲ್ಲಿನ ವ್ಯಾಪಾರಿ ಅದನ್ನು ಮಾರಿ, ಇವರು ಕೇಳಿದ ಬಟ್ಟೆ, ಕುರ್ಚಿ, ವೈನು ಎಲ್ಲ ಹಡಗಿಗೆ ಹಾಕಿ ಕಳಿಸಿ, ಎರಡನ್ನೂ ಖಾತೆಯಲ್ಲಿ ಬರೆದುಕೊಳ್ಳುವುದು. ಸೊಪ್ಪಿನ ಬೆಲೆ ಬಿದ್ದರೆ ಬಾಕಿ ಬೆಳೆಯುತ್ತದೆ. ಸಾಮಾನಿನ ಪಟ್ಟಿ ಮಾತ್ರ ಚಿಕ್ಕದಾಗುವುದಿಲ್ಲ! ವಾಷಿಂಗ್ಟನ್ ಕೂಡ 1764ರ ಹೊತ್ತಿಗೆ ಲಂಡನ್ನಿನ ರಾಬರ್ಟ್ ಕೇರಿ ಕಂಪನಿಗೆ ಸುಮಾರು 1,800 ಪೌಂಡ್ ಬಾಕಿ ಉಳಿಸಿಕೊಂಡಿದ್ದ. ಆಮೇಲೆ ಹೊಗೆಸೊಪ್ಪು ಬಿಟ್ಟು ಗೋಧಿಗೆ ಇಳಿದ.

ಖಾತೆಯ ಬಾಕಿ ಅಂದರೆ ಬಾಯಿಮಾತಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ಕೋರ್ಟಿಗೆ ಹೋದರೆ ಒಂದೊಂದು ಐಟಂ ಸಾಬೀತು ಮಾಡಬೇಕು. ಬಾಂಡ್ ಆದರೆ ಸಹಿ, ಮೊಹರು ತೋರಿಸಿದರೆ ಆಯಿತು. ಸಾಲ ತೆಗೆದುಕೊಂಡವನು ಸತ್ತರೆ ಅವನ ಆಸ್ತಿಯಿಂದ ಮೊದಲು ಬಾಂಡಿನವರಿಗೆ, ಏನಾದರೂ ಉಳಿದರೆ ಖಾತೆಯವರಿಗೆ. ಹಾಗಾಗಿ ವ್ಯಾಪಾರಿಗಳು ಬಾಕಿ ಬೆಳೆದಾಗಲೆಲ್ಲ ‘ಬಾಂಡ್ ಬರೆದುಕೊಡಿ’ ಅಂತ ಕೂರುತ್ತಿದ್ದರು. 1772ರಲ್ಲಿ ಲಂಡನ್ನಿನಲ್ಲಿ ಬ್ಯಾಂಕುಗಳು ಮಗುಚಿಕೊಂಡ ಮೇಲಂತೂ ಈ ಒತ್ತಡ ಇನ್ನೂ ಜಾಸ್ತಿ ಆಯಿತು.

2. ಮೇಲಿನ ಮೊತ್ತ ಕಂಡು ಹೆದರಬೇಡಿ

ಬಾಂಡ್ ಶುರುವಾಗುವುದು ‘ನೋ ಆಲ್ ಮೆನ್ ಬೈ ದೀಸ್ ಪ್ರೆಸೆಂಟ್ಸ್’ ಅಂತ. ಎಲ್ಲೋ ಕೇಳಿದ ಹಾಗಿದೆಯಲ್ವಾ? ನಮ್ಮಲ್ಲಿ ಇಂಗ್ಲಿಷಿನಲ್ಲಿ ಮಾಡಿಸುವ ಪವರ್ ಆಫ್ ಅಟಾರ್ನಿ ಕಾಗದದ ಮೊದಲ ಸಾಲು ಈಗಲೂ ಇದೇ. ಅವರಿಗೂ ನಮಗೂ ಇದು ಬಂದದ್ದು ಇಂಗ್ಲೆಂಡಿನ ವಕೀಲರಿಂದ.

ಅದರ ಮುಂದೆ, ‘ಇಂಥವನಾದ ನಾನು ಇಂಥವರಿಗೆ 200 ಪೌಂಡಿಗೆ ಕಟ್ಟುಬಿದ್ದಿದ್ದೇನೆ, ನಾನಷ್ಟೇ ಅಲ್ಲ, ನನ್ನ ವಾರಸುದಾರರೂ’ ಅನ್ನುವ ಅರ್ಥದ ಸಾಲುಗಳು ಬರುತ್ತವೆ. ಈ 200 ಸಾಲವಲ್ಲ, ದಂಡ. ಸಾಮಾನ್ಯವಾಗಿ ಅಸಲಿನ ಎರಡರಷ್ಟು.

ಕಣ್ಣು ಕೆಳಗಿಳಿಸಿ. ‘ಕಂಡಿಷನ್’ ಅನ್ನುವ ಪದದಿಂದ ಎರಡನೇ ಪ್ಯಾರಾ ಶುರುವಾಗುತ್ತದೆ. ಇಂಥ ದಿನದ ಒಳಗೆ 100 ಪೌಂಡ್ ಮತ್ತು ಬಡ್ಡಿ ಕೊಟ್ಟರೆ ಮೇಲಿನ ಮಾತು ರದ್ದು, ಇಲ್ಲದಿದ್ದರೆ ಪೂರ್ತಿ ಜಾರಿ. ಸಾಲ ಅಂದರೆ ಈ 100. ಹಾಗಾದರೆ ವಾಯಿದೆ ತಪ್ಪಿದವನು 200 ಕಟ್ಟಬೇಕಿತ್ತಾ? ಬರಹದ ಪ್ರಕಾರ ಹೌದು. ಆದರೆ 18ನೇ ಶತಮಾನದ ಶುರುವಿಗೇ ಇಂಗ್ಲಿಷ್ ಕಾನೂನು ಅದರ ಹಲ್ಲು ಕಿತ್ತಿತ್ತು. ಕೋರ್ಟು ತೀರ್ಪು ಕೊಡುವಾಗ 200 ಅಂತಲೇ ಬರೆಯುತ್ತಿತ್ತು, ಪಕ್ಕದಲ್ಲೇ ‘100 ಮತ್ತು ಬಡ್ಡಿ, ಖರ್ಚು ಕೊಟ್ಟರೆ ತೀರಿತು’ ಅಂತಲೂ ಸೇರಿಸುತ್ತಿತ್ತು. ಕೋರ್ಟಿನ ಪುಸ್ತಕ ನೋಡುವಾಗಲೂ ಎರಡನೇ ಸಂಖ್ಯೆಯನ್ನೇ ಹಿಡಿದುಕೊಳ್ಳಿ.

ಕೊನೆಯಲ್ಲಿ ಸಹಿಯ ಪಕ್ಕ ಅರಗಿನ ಮೊಹರು ಇರುತ್ತದೆ, ಅಥವಾ ಸುಮ್ನೆ ಒಂದು ಸುರುಳಿ ಗೀಚಿ ಒಳಗೆ ‘ಎಲ್. ಎಸ್.’ ಅಂತ ಬರೆದಿರುತ್ತಾರೆ. ಮೊಹರು ಒತ್ತುವ ಜಾಗ ಅಂತ ಅರ್ಥ. ಇನ್ನೊಂದು ವಿಷಯ, ಆ ಕಾಲದ ಉದ್ದನೆಯ ‘ಎಸ್’ ಅಕ್ಷರ ‘ಎಫ್’ ಥರ ಕಾಣುತ್ತದೆ.

3. ಯಾವ ಪೌಂಡು, ಎಷ್ಟು ಬಡ್ಡಿ?

‘ಸ್ಟರ್ಲಿಂಗ್’ ಅಂತ ಇದೆಯೋ, ‘ಕರೆಂಟ್ ಮನಿ’ ಅಂತ ಇದೆಯೋ ನೋಡಲೇಬೇಕು. ಮೊದಲನೆಯದು ಇಂಗ್ಲೆಂಡಿನ ಪೌಂಡ್. ಎರಡನೆಯದು ವರ್ಜೀನಿಯಾದ ಸ್ವಂತ ಲೆಕ್ಕದ ಪೌಂಡ್, ಬೆಲೆ ಕಡಿಮೆ. ಅಲ್ಲಿನ 125 ಪೌಂಡ್ ಇಂಗ್ಲೆಂಡಿನ 100ಕ್ಕೆ ಸಮ ಅನ್ನುವುದು ಕಾನೂನಿನ ಲೆಕ್ಕ, ಮಾರುಕಟ್ಟೆಯ ಲೆಕ್ಕ ಏರಿಳಿಯುತ್ತಿತ್ತು. 1 ಪೌಂಡಿಗೆ 20 ಶಿಲಿಂಗ್, 1 ಶಿಲಿಂಗಿಗೆ 12 ಪೆನ್ಸ್.

ಬಡ್ಡಿ ವರ್ಷಕ್ಕೆ 5%, ಸರಳ ಬಡ್ಡಿ. 1774ರಲ್ಲಿ ತೆಗೆದುಕೊಂಡ 100 ಪೌಂಡಿಗೆ 1790ರ ಹೊತ್ತಿಗೆ 16 ವರ್ಷದ 80 ಪೌಂಡ್ ಬಡ್ಡಿ ಆಗಬೇಕು, ಅಲ್ವಾ? ಆದರೆ ವರ್ಜೀನಿಯಾದವರು 40 ಅಂತಾರೆ. ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಯುದ್ಧದ 8 ವರ್ಷದ ಬಡ್ಡಿ ನಾವು ಕೊಡಲ್ಲ, ವ್ಯಾಪಾರ ನಿಲ್ಲಿಸಿದ್ದು ನೀವೇ, ಸೊಪ್ಪು ಕಳಿಸಲು ದಾರಿಯೇ ಇರಲಿಲ್ಲ ಅನ್ನುವುದು ಅವರ ವಾದ. ಅಲ್ಲಿನ ಜ್ಯೂರಿಗಳೂ ಆ ಬಡ್ಡಿಯನ್ನು ಎಷ್ಟೋ ಸಲ ಕಳೆದೇ ತೀರ್ಪು ಕೊಡುತ್ತಿದ್ದರು. ಜ್ಯೂರಿಯಲ್ಲಿ ಕೂತವರೂ ಸಾಲದಲ್ಲಿದ್ದವರೇ ಇರಬಹುದು, ಅದು ಬೇರೆ ಮಾತು!

ಜೆಫರ್ಸನ್ ಕೂಡ ಇದೇ ವಾದ ಹಿಡಿದಿದ್ದ. 1781ರಲ್ಲಿ ಬ್ರಿಟಿಷ್ ಸೇನೆ ಎಲ್ಕ್ ಹಿಲ್ ಅನ್ನುವ ಅವನ ಜಮೀನಿನಲ್ಲಿ ಬೀಡುಬಿಟ್ಟು ಫಸಲು ಸುಟ್ಟು ಹೋಗಿತ್ತು. ಆ ನಷ್ಟದ ದುಡ್ಡಿನಲ್ಲೇ ನಿಮ್ಮ ಸಾಲ ತೀರುತ್ತಿತ್ತು ಅಂತ ಸಾಲ ಕೊಟ್ಟ ಕಡೆಯವರಿಗೇ ಬರೆದ. ಆ ಸೇನೆಯ ದಂಡನಾಯಕ ಕಾರ್ನ್‌ವಾಲಿಸ್. ಹೌದು, ಹತ್ತು ವರ್ಷ ಕಳೆದು 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದನಲ್ಲ, ಅವನೇ.

4. ಎರಡನೇ ಸಹಿ ಯಾರದು?

ಸಾಲ ತೆಗೆದುಕೊಂಡವನ ಕೆಳಗೆ ಇನ್ನೊಂದು ಹೆಸರಿದ್ದರೆ ಅದು ಜಾಮೀನು. ಬಹಳ ಸಲ ಭಾವನೋ, ಬೀಗನೋ, ಪಕ್ಕದ ಜಮೀನಿನವನೋ. ಹಾಗಾಗಿ ಹೆಸರು ಸಿಕ್ಕಿದ ಕೂಡಲೇ ಸಂಬಂಧ ಹುಡುಕಿ. ಬಾಂಡ್ ಅಲ್ಲದ ಪ್ರಾಮಿಸರಿ ನೋಟಿಗೂ ಇದೇ ಉಪಾಯ ನಡೆಯುತ್ತದೆ. ಜೆಫರ್ಸನ್ 1818ರಲ್ಲಿ ವಿಲ್ಸನ್ ಕೇರಿ ನಿಕೊಲಸ್ ಎಂಬ ಗೆಳೆಯನ ನೋಟುಗಳಿಗೆ ಜಾಮೀನು ಸಹಿ ಹಾಕಿದ, ಒಟ್ಟು 20,000 ಡಾಲರಿಗೆ. ಈ ನಿಕೊಲಸ್ ಜೆಫರ್ಸನ್‌ನ ಮೊಮ್ಮಗನ ಮಾವ. ‘ಆಗಲ್ಲ’ ಅನ್ನೋದು ಹೇಗೆ? ಮರುವರ್ಷವೇ ನಿಕೊಲಸ್ ಕೈಯೆತ್ತಿದ, 1820ರಲ್ಲಿ ತೀರಿಯೇ ಹೋದ. ಬಡ್ಡಿಯೇ ವರ್ಷಕ್ಕೆ 1,200 ಡಾಲರ್, ಆಗ ಜೆಫರ್ಸನ್‌ಗೆ 76 ದಾಟಿತ್ತು.

5. ಕಾಗದ ತಿರುಗಿಸಿ

ಸ್ಕ್ಯಾನ್‌ನಲ್ಲಿ ಮುಂದಿನ ಚಿತ್ರ ಒತ್ತಿದರೆ ಹಿಂಬದಿ ಬರುತ್ತದೆ. ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ, ನನಗೆ ಇಷ್ಟವಾಗುವುದು ಇದೇ ಭಾಗ. ಕಾಗದ ಉದ್ದಕ್ಕೆ ಮಡಿಸಿದ ಗೆರೆಗಳು, ಅದರ ಮೇಲೆ ಬೇರೆ ಬೇರೆ ಶಾಯಿಯ ಚಿಕ್ಕ ಚಿಕ್ಕ ಸಾಲುಗಳು. ಇಂಥ ದಿನ ಇಷ್ಟು ಬಂತು. ಅಥವಾ, ‘ಒಳಗಿನ ಬಾಂಡನ್ನು ಇಂಥವರಿಗೆ ವರ್ಗ ಮಾಡಿದ್ದೇನೆ’. ಯಾಕೆಂದರೆ ಬಾಂಡ್ ಕೈಯಿಂದ ಕೈಗೆ ಹೋಗುತ್ತಿತ್ತು. ನಗದು ಸಿಗದ ಊರಿನಲ್ಲಿ ಬೇರೆಯವನ ಬಾಂಡೇ ದುಡ್ಡು.

ಆ ದುಡ್ಡನ್ನು ಎಲ್ಲರೂ ತೆಗೆದುಕೊಳ್ಳುತ್ತಿರಲಿಲ್ಲ ಅನ್ನೋದು ಜೆಫರ್ಸನ್ ಕಲಿತ ಪಾಠ. 1773ರಲ್ಲಿ ಮಾವ ಜಾನ್ ವೇಲ್ಸ್ ಸತ್ತಾಗ ಜೆಫರ್ಸನ್ ದಂಪತಿಯ ಪಾಲಿಗೆ 11,000 ಎಕರೆ ಜಮೀನು, ಗುಲಾಮಗಿರಿಯಲ್ಲಿದ್ದ 135 ಜನ, ಜೊತೆಗೆ ಬ್ರಿಸ್ಟಲ್‌ನ ಫ್ಯಾರೆಲ್ ಅಂಡ್ ಜೋನ್ಸ್ ಕಂಪನಿಯ ಸುಮಾರು 4,000 ಪೌಂಡ್ ಸಾಲ ಬಂತು. ತಮಾಷೆ ಅಂದರೆ ವೇಲ್ಸ್ ಅದೇ ಕಂಪನಿಯ ವಸೂಲಿ ಏಜೆಂಟ್. ಮೂವರು ಅಳಿಯಂದಿರು ಸಾಲ ತೀರಿಸುವ ಮೊದಲೇ ಆಸ್ತಿ ಹಂಚಿಕೊಂಡರು, ಹಾಗಾಗಿ ಸಾಲ ಅವರವರ ಮೈಮೇಲೆ ಬಿತ್ತು. ಜೆಫರ್ಸನ್ ಜಮೀನು ಮಾರಿದ. ಕೊಂಡವರು ಕೊಟ್ಟದ್ದು ನಗದಲ್ಲ, ಬಾಂಡ್. ಇದನ್ನೇ ಇಟ್ಟುಕೊಳ್ಳಿ ಅಂದರೆ ಕಂಪನಿಯವರು ಒಪ್ಪಲಿಲ್ಲ. ಆಮೇಲೆ ಯುದ್ಧ ಬಂತು, ಕೊಂಡವರು ಬೆಲೆ ಬಿದ್ದ ಕಾಗದದ ನೋಟು ತಂದು ಸುರಿದು ತಮ್ಮ ಬಾಂಡ್ ಬಿಡಿಸಿಕೊಂಡು ಹೋದರು. ಜಮೀನೂ ಹೋಯಿತು, ಸಾಲವೂ ಉಳಿಯಿತು. 1790ರಲ್ಲಿ ಜೆಫರ್ಸನ್ ಆ ಕಂಪನಿಗೆ ಹೊಸದಾಗಿ 7 ಬಾಂಡ್ ಬರೆದುಕೊಟ್ಟ, ವರ್ಷಕ್ಕೊಂದು ಕಂತಿನಂತೆ.

6. 1777ರಿಂದ 1783ರ ನಡುವೆ ‘ಕಟ್ಟಿದ್ದೇನೆ’ ಅಂತ ಇದ್ದರೆ ನಂಬಬೇಡಿ

ಬ್ರಿಟಿಷರಿಗೆ ಕೊಡಬೇಕಾದ ಸಾಲವನ್ನು ರಾಜ್ಯದ ಸಾಲದ ಕಚೇರಿಗೆ ಕಾಗದದ ನೋಟಿನಲ್ಲಿ ಕಟ್ಟಿದರೆ ಸಾಕು ಅಂತ ವರ್ಜೀನಿಯಾ 1777ರಲ್ಲಿ ಕಾನೂನು ಮಾಡಿತ್ತು. ಡೇನಿಯಲ್ ಹಿಲ್ಟನ್ ಮತ್ತು ಫ್ರಾನ್ಸಿಸ್ ಎಪ್ಸ್ ಅವರ ಬಾಂಡ್ ನೋಡಿ. ದಿನಾಂಕ 1774ರ ಜುಲೈ 7, ಮೇಲಿನ (ದಂಡದ) ಮೊತ್ತ 2,976 ಪೌಂಡ್ 11 ಶಿಲಿಂಗ್ 6 ಪೆನ್ಸ್ ಸ್ಟರ್ಲಿಂಗ್, ಕೊಡಬೇಕಾದದ್ದು ಅದೇ ಫ್ಯಾರೆಲ್ ಅಂಡ್ ಜೋನ್ಸ್‌ಗೆ. ಎಪ್ಸ್ ಆ ಮೂವರು ಅಳಿಯಂದಿರಲ್ಲಿ ಒಬ್ಬ. 1780ರಲ್ಲಿ ಇವರು 3,111 ಡಾಲರ್ ಚಿಲ್ಲರೆಯನ್ನು ಕಚೇರಿಗೆ ಕಟ್ಟಿ ರಸೀದಿ ಪಡೆದರು.

ಅಮೆರಿಕ, ಬ್ರಿಟನ್ ಯುದ್ಧ ಮುಗಿಸಿಕೊಂಡ 1783ರ ಪ್ಯಾರಿಸ್ ಒಪ್ಪಂದದ 4ನೇ ಕಲಮಿನಲ್ಲಿ ಹಳೇ ಸಾಲಗಳನ್ನು ಪೂರ್ತಿ ಸ್ಟರ್ಲಿಂಗ್ ಬೆಲೆಯಲ್ಲಿ ವಸೂಲಿ ಮಾಡಲು ಅಡ್ಡಿ ಇಲ್ಲ ಅಂತ ಬಂತು. ಕೇಸು ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು. ಸಾಲಗಾರರ ಪರ ವಾದಿಸಿದ್ದು ಮುಂದೆ ಅದೇ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಜಾನ್ ಮಾರ್ಷಲ್, ಸೋತ. ರಾಜ್ಯದ ಕಾನೂನಿಗಿಂತ ಒಪ್ಪಂದ ದೊಡ್ಡದು ಅಂತ 1796ರಲ್ಲಿ ತೀರ್ಪಾಯಿತು. ತೀರ್ಪು ಕೊಟ್ಟವರಲ್ಲಿ ಒಬ್ಬನಾದ ಜೇಮ್ಸ್ ವಿಲ್ಸನ್ ಮರುವರ್ಷ ತಾನೇ ಸಾಲ ಕಟ್ಟಲಾಗದೆ ಜೈಲಿನಲ್ಲಿದ್ದ, ಇನ್ನೂ ನ್ಯಾಯಮೂರ್ತಿಯಾಗಿದ್ದಾಗಲೇ!

7. ಸಹಿಯ ಜಾಗ ಹರಿದಿದೆಯಾ?

ಸಾಲ ತೀರಿದರೆ ಬಾಂಡನ್ನು ವಾಪಸ್ ಪಡೆದು ಸಹಿ, ಮೊಹರಿನ ಭಾಗ ಹರಿದು ಹಾಕುವ ರೂಢಿ ಇತ್ತು. ಮೂಲೆ ಹೋಗಿರುವ ಬಾಂಡ್ ಕಂಡರೆ ಗೆದ್ದಲು ತಿಂದಿದೆ ಅಂತ ಮುಂದೆ ಹೋಗಬೇಡಿ.

ಸಹಿ ಹಾಗೇ ಇದ್ದರೆ, ಮುಂದೆ ಹುಡುಕಬೇಕಾದದ್ದು ಆ ಮನುಷ್ಯ ಸತ್ತ ಮೇಲಿನ ಆಸ್ತಿ ಪಟ್ಟಿ ಮತ್ತು ಹರಾಜು. ಅದರಲ್ಲಿ ಜಮೀನು, ದನ, ಕುರ್ಚಿಗಳ ನಡುವೆ ಮನುಷ್ಯರ ಹೆಸರೂ ಇರುತ್ತದೆ. ಸಾಲಕ್ಕೆ ಜಮೀನಿನ ಜೊತೆ ಗುಲಾಮರನ್ನೂ ಜಪ್ತಿ ಮಾಡಬಹುದು ಅಂತ ಬ್ರಿಟಿಷ್ ಸಂಸತ್ತು 1732ರಲ್ಲೇ ಕಾನೂನು ಮಾಡಿತ್ತು. 1826ರ ಜುಲೈ 4ರಂದು ಜೆಫರ್ಸನ್ ತೀರಿಕೊಂಡಾಗ ಸಾಲ 1,07,000 ಡಾಲರ್ ದಾಟಿತ್ತು. 1827ರ ಜನವರಿಯಲ್ಲಿ ಅವನ ಮನೆ ಮಾಂಟಿಸೆಲೋದಲ್ಲಿ ನಡೆದ ಹರಾಜಿಗೆ 130 ಜನರನ್ನು ಇಟ್ಟರು. ಅಲ್ಲಿನ ಕಮ್ಮಾರ ಜೋ ಫಾಸೆಟ್‌ಗೆ ಉಯಿಲಿನ ಪ್ರಕಾರ ಬಿಡುಗಡೆ ಸಿಗಬೇಕಿದ್ದದ್ದು ಆ ವರ್ಷದ ಜುಲೈನಲ್ಲಿ. ಹೆಂಡತಿ ಈಡಿತ್, ಮಕ್ಕಳು ಜನವರಿಯಲ್ಲೇ ಬೇರೆ ಬೇರೆಯವರಿಗೆ ಮಾರಾಟವಾದರು. ಜೋ ಈಡಿತ್‌ಳನ್ನೂ ಕೆಲವು ಮಕ್ಕಳನ್ನೂ ಮತ್ತೆ ತನ್ನವರನ್ನಾಗಿ ಮಾಡಿಕೊಂಡು, ಅವರಿಗೆ ಬಿಡುಗಡೆಯ ಪತ್ರ ಬರೆದುಕೊಡುವ ಹೊತ್ತಿಗೆ 1837 ಆಗಿತ್ತು.