ಏರೋಪ್ಲೇನ್ ಚಿಟ್ಟೆಯ ಮರಿಗೆ ಫ್ಲೂಕ್ ಹತ್ತಿಸಿದ್ದು: ನನ್ನ ಅನುಭವ

ಫ್ಲೂಕ್ ಅಂದರೆ ಪರಾವಲಂಬಿ ಚಪ್ಪಟೆ ಹುಳು. ನೀರಿನಲ್ಲಿ ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಮರಿಗೆ ಅದನ್ನು ಹತ್ತಿಸುವುದು ಕಾಲೇಜಿನ ಲ್ಯಾಬ್ ಇಲ್ಲದೆ ಆಗುವ ಕೆಲಸವಲ್ಲ ಅಂದವರೇ ಜಾಸ್ತಿ. ಈಗ ಶಿರಸಿಯ ಮನೆಯಲ್ಲೇ ಹತ್ತು ಮರಿಗೆ ಸರ್ಕೇರಿಯಾ (ಬಸವನಹುಳುವಿನಿಂದ ಹೊರಬಿದ್ದು ನೀರಿನಲ್ಲಿ ಈಜುವ, ಬಾಲವಿರುವ ಫ್ಲೂಕ್ ಮರಿ) ಬಿಟ್ಟರೆ ಏಳೆಂಟರಲ್ಲಿ ಮೆಟಾಸರ್ಕೇರಿಯಾ (ಚಿಟ್ಟೆಮರಿಯೊಳಗೆ ಸಿಸ್ಟ್ ಎಂಬ ಗೂಡು ಕಟ್ಟಿ ಕೂತ ಅದರ ಮುಂದಿನ ಹಂತ) ಸಿಗುತ್ತಿದೆ.

ಮೊದಲೆರಡು ವರ್ಷ ಹಾಳಾಗಿದ್ದು ಬಸವನಹುಳುವಿನಿಂದ. ಅಡಿಕೆ ತೋಟದ ಕಾದಿಗೆಯಲ್ಲಿ (ಬಸಿಗಾಲುವೆಯಲ್ಲಿ) ಹೆಕ್ಕುತ್ತಿದ್ದೆ. ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ ತೊಳೆದು ಇಳಿಯುವುದು ಅಲ್ಲಿಗೇ, ತಾಮ್ರ ಬಸವನಹುಳುವಿಗೆ ವಿಷ. ಸಿಕ್ಕಿದ್ದೇ ಕಡಿಮೆ, ಸಿಕ್ಕವೂ ನಾಲ್ಕು ದಿನಕ್ಕೆ ಸತ್ತವು. ಈಗ ಔಷಧಿ ತಾಗದ ಗದ್ದೆಕೆರೆಯಿಂದ ಅಕ್ಟೋಬರ್ ಕಳೆದ ಮೇಲೆ ತರುತ್ತೇನೆ. ಒಂದೊಂದನ್ನೇ ಸಣ್ಣ ಗಾಜಿನ ಬಾಟಲಿಗೆ ಹಾಕಿ ಬೆಳಗಿನ ಬೆಳಕಿನಲ್ಲಿ ಎರಡು-ಮೂರು ತಾಸು ಇಡಬೇಕು. ನೂರರಲ್ಲಿ ಮೂರೋ ನಾಲ್ಕೋ ಸರ್ಕೇರಿಯಾ ಬಿಡುತ್ತವೆ. ನಮಗೆ ಬೇಕಾದ್ದು ಬಾಯಲ್ಲಿ ಮುಳ್ಳಿರುವ ಜಾತಿ. ಬಾಲ ಕವಲೊಡೆದಿದ್ದರೆ ಕುದಿನೀರು ಹೊಯ್ದು ಚೆಲ್ಲಿಬಿಡಿ. ಚರ್ಮ ಹೊಕ್ಕು ತುರಿಕೆ ಎಬ್ಬಿಸುವವು ಅದರಲ್ಲಿವೆ, ಕೈಗವಸು ಬೇಕೇ ಬೇಕು.

ಕೆರೆಯಿಂದ ತಂದ ಚಿಟ್ಟೆಮರಿಗೆ ಫ್ಲೂಕ್ ಮೊದಲೇ ಹತ್ತಿರುತ್ತದೆ. ಏನೂ ಬಿಡದೆ ಇಟ್ಟವುಗಳಲ್ಲೂ ಸಿಸ್ಟ್ ಕಂಡಾಗ ಒಂದಿಡೀ ವರ್ಷದ ಲೆಕ್ಕ ಬಿಸಾಡಬೇಕಾಯಿತು. ಹಾಗಾಗಿ ಮೊಟ್ಟೆಯಿಂದಲೇ ಸಾಕಬೇಕು. ಪಂಟಾಲ ಜಾತಿಯ ಏರೋಪ್ಲೇನ್ ಚಿಟ್ಟೆಯ ಹೆಣ್ಣಿನ ರೆಕ್ಕೆ ಹಿಡಿದು ಬಾಲದ ತುದಿಯನ್ನು ಲೋಟದ ನೀರಿಗೆ ಮುಟ್ಟಿಸಿ ಮುಟ್ಟಿಸಿ ತೆಗೆದರೆ ಮೊಟ್ಟೆ ಉದುರುತ್ತದೆ. ಮರಿಗಳು ಒಂದನ್ನೊಂದು ತಿನ್ನುತ್ತವೆ, ಕಪ್ಪಿಗೆ ಒಂದೇ ಇರಲಿ. ಬಾವಿ ನೀರೇ ಆಗಬೇಕು, ನಲ್ಲಿಯ ಕ್ಲೋರಿನ್ ಸರ್ಕೇರಿಯಾವನ್ನು ಕೊಲ್ಲುತ್ತದೆ. ಸೊಳ್ಳೆಮರಿ ತಿನ್ನುವಷ್ಟು ದೊಡ್ಡದಾಗುವವರೆಗೆ ಏನು ಕೊಡುತ್ತೇನೆ ಎನ್ನುವುದು ನನ್ನಲ್ಲೇ ಇರಲಿ.

ಇಡೀ ಕೆಲಸ ನಿಂತಿರುವುದು ಮರಿಯ ಉಸಿರಾಟದ ಮೇಲೆ. ಗುದದಿಂದ ನೀರು ಎಳೆದು ಒಳಗಿನ ಕಿವಿರಿಗೆ ಹಾಯಿಸುತ್ತದೆ, ಸರ್ಕೇರಿಯಾ ಅದರ ಜೊತೆ ಒಳಹೋಗುತ್ತದೆ. ಬಾಲದ ಹತ್ತಿರ ಒಂದು ಹನಿ ಕಪ್ಪು ಶಾಯಿ ಬಿಟ್ಟು ನೋಡಿ: ಎಳೆಯಾಗಿ ಒಳಗೆ ಸೇದಿಕೊಂಡು, ಮರುಕ್ಷಣ ಪುಸಕ್ಕನೆ ಹಿಂದಕ್ಕೆ ಉಗುಳುತ್ತದೆ. ನಾನು ಮೊದಲು ಅರ್ಧ ಲೀಟರ್ ನೀರಿಗೆ ಬಿಡುತ್ತಿದ್ದೆ, ಸಿಕ್ಕಿದ್ದು ಶೂನ್ಯ. ಈಗ 15-20 ಮಿಲಿ ನೀರಿಗೆ ಮೂವತ್ತು-ನಲವತ್ತು ಸರ್ಕೇರಿಯಾ, ಎರಡು ತಾಸು. ಹೊರಬಿದ್ದ ನಾಲ್ಕು ತಾಸಿನೊಳಗಿನವೇ ಆಗಬೇಕು, ಊಟವಿಲ್ಲದ ಜೀವ, ಒಂದು ದಿನ ಬಾಳಿದರೆ ಹೆಚ್ಚು. ಒಮ್ಮೆ ಐಸ್ ಇಟ್ಟು ನೀರು ತಣಿಸಿ ನೋಡಿದೆ. ಉಸಿರು ನಿಧಾನವಾಯಿತು, ಸಿಸ್ಟ್ ಅರ್ಧಕ್ಕಿಂತ ಕಡಿಮೆ. ಪೊರೆ ಬಿಡಲು ಬಂದ ಮರಿ ಬೇಡ, ಹಿಂಗರುಳಿನ ಒಳಪೊರೆಯೂ ಕಳಚಿಹೋಗುತ್ತದೆ.

ಹದಿನೈದು ದಿನ ಬಿಟ್ಟು ಮರಿಯನ್ನು 0.65 ಶೇಕಡಾ ಉಪ್ಪುನೀರಿನಲ್ಲಿ ಸೀಳಿ ಸಿಸ್ಟ್ ಹುಡುಕುತ್ತೇನೆ. ಕೊಬ್ಬಿನ ಹನಿಯನ್ನು ಸಿಸ್ಟ್ ಅಂದುಕೊಂಡು ಎಣಿಸುವ ತಪ್ಪು ಎಲ್ಲರೂ ಮಾಡುತ್ತಾರೆ. ಕವರ್‌ಸ್ಲಿಪ್ ಮೆಲ್ಲಗೆ ಒತ್ತಿ: ಕೊಬ್ಬು ಹರಡಿಕೊಳ್ಳುತ್ತದೆ, ಸಿಸ್ಟ್ ಉರುಳುತ್ತದೆ, ಒಳಗೆ ಹುಳು ಮಗ್ಗುಲು ಬದಲಿಸುವುದೂ ಕಾಣುತ್ತದೆ.

ಖರ್ಚು ಒಟ್ಟು ಹದಿನೈದು ಸಾವಿರದ ಆಸುಪಾಸು, ಅದರಲ್ಲಿ ಒಂಬತ್ತೋ ಹತ್ತೋ ಹಳೇ ಸ್ಟೀರಿಯೋ ಮೈಕ್ರೋಸ್ಕೋಪಿಗೆ. ಸಿಸ್ಟಿನಿಂದ ಹುಳು ಹೊರಬರಿಸಲು ಬಳಸುತ್ತಿದ್ದ ಟ್ರಿಪ್ಸಿನ್ ಎಂಬ ಕಿಣ್ವ ಮಾತ್ರ ದುಬಾರಿ. ಫ್ರಿಜ್ಜಿನಲ್ಲಿಟ್ಟರೂ ಕರೆಂಟ್ ಹೋಗಿ ಒಂದು ಬಾಟಲಿ ಕೆಟ್ಟಿತು. ಈಗ ಸಿಸ್ಟನ್ನು ಸೂಜಿಯಲ್ಲೇ ಒಡೆಯುತ್ತೇನೆ, ಐದರಲ್ಲಿ ಮೂರು ಹುಳು ಹರಿಯದೆ ಬರುತ್ತವೆ.